ಭೀಮಾತೀರದಲ್ಲಿ ಅಶ್ವಪಾಲನೆ: ರೋಗ ಬರುವ ಮುನ್ನ

ಹಿಂದುಸ್ತಾನಿಯಲ್ಲಿ ಕುದುರೆಯ ವೈದ್ಯನಿಗೆ ‘ಸಲೋತ್ರಿ’ ಎಂಬ ಹೆಸರುಂಟು. ಅಶ್ವಶಾಸ್ತ್ರದ ಆದ್ಯಾಚಾರ್ಯನೆನಿಸಿದ ಶಾಲಿಹೋತ್ರ ಮುನಿಯ ಹೆಸರೇ ಜನರ ನಾಲಗೆಯಲ್ಲಿ ಸವೆದು ಹೀಗಾಗಿದೆ. ಶಾಲಿಹೋತ್ರನ ಶಾಸ್ತ್ರವು ಬಹಮನಿ ಅಹ್ಮದ್ ಶಾಹನ ಆಶ್ರಯದಲ್ಲಿ ಅಬ್ದುಲ್ಲಾ ಬಿನ್ ಸಫಿ ಎಂಬಾತನಿಂದ ಪಾರಸಿಗೆ ಪರಿವರ್ತಿತವಾಯಿತು. 1347ರಲ್ಲಿ ಸ್ಥಾಪಿತವಾದ ಆ ರಾಜ್ಯದ ಬಲವೆಲ್ಲ ಅಶ್ವದಳದಲ್ಲಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಕನ್ನಡವೂ ಹಿಂದುಳಿಯಲಿಲ್ಲ. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಮುಂದೆ ಪದ್ಮಣ ಪಂಡಿತನು ‘ಹಯಸಾರಸಮುಚ್ಚಯ’ವನ್ನು ರಚಿಸಿದನು. ನಮ್ಮ ವಿದ್ಯಾರ್ಥಿಗಳು ಕಾವ್ಯಗಳನ್ನು ಓದುವಂತೆ ಇಂಥ ಶಾಸ್ತ್ರಗ್ರಂಥಗಳನ್ನು ಓದುವುದಿಲ್ಲವೆಂಬುದು ವಿಷಾದದ ಸಂಗತಿ.

ರಾಜರ ಲಾಯಗಳು ಹೋದರೂ ಕುದುರೆ ಈ ಸೀಮೆಯನ್ನು ಬಿಟ್ಟು ಹೋಗಿಲ್ಲ. ಭೀಮೆಯ ಮೇಲ್ಭಾಗದ ಮಹಾರಾಷ್ಟ್ರದಲ್ಲಿ ಧನಗರರು ಕುರಿಹಿಂಡಿನೊಡನೆ ವಲಸೆ ಹೋಗುವಾಗ ಗಂಟುಮೂಟೆ ಹೊರಿಸುವ ಗಿಡ್ಡ ಕುದುರೆಗೆ ‘ಭೀಮಥಡಿ’ ಎಂದು ಹೆಸರು. ಅದನ್ನು ಈಚಿನ ವರ್ಷಗಳಲ್ಲಿ ಕರ್ನಾಲದ ರಾಷ್ಟ್ರೀಯ ಸಂಸ್ಥೆಯು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಆ ‘ಥಡಿ’ ನಮ್ಮ ‘ತಡಿ’ಯೇ, ಅಂದರೆ ಹೊಳೆಯ ದಡ. ಅದೇ ಭೀಮೆ ಅಫಜಲಪುರ, ಜೇವರ್ಗಿಗಳನ್ನು ಮುಟ್ಟಿ ಹರಿಯುತ್ತದೆ. ಆಳಂದದ ಅಮರ್ಜೆ ಗಾಣಗಾಪುರದ ಬಳಿ ಬಂದು ಅದನ್ನು ಕೂಡುತ್ತದೆ. ಕುರಿಗಾರರ ಮನೆಯಲ್ಲಿ, ಮದುವೆಯ ಮೆರವಣಿಗೆಗೆ ಕುದುರೆ ಸಾಕುವವರಲ್ಲಿ ಒಂದು ಹೆಣ್ಣುಕುದುರೆಯೆಂದರೆ ಅದೇ ಬಂಡವಾಳ. ಅದು ಹನ್ನೊಂದು ತಿಂಗಳು ಹೊತ್ತು ಹೆತ್ತ ಮರಿ ವಾರದೊಳಗೆ ಸತ್ತರೆ ಒಂದು ವರ್ಷದ ಆಸೆಯೇ ಮಣ್ಣಾದಂತೆ. ಹೀಗೆ ಸಾಯುವ ಮರಿಗಳಲ್ಲಿ ಅನೇಕವನ್ನು ಖರ್ಚಿಲ್ಲದ ಎಚ್ಚರದಿಂದಲೇ ಉಳಿಸಬಹುದು.

ಗರ್ಭಿಣಿ ಕುದುರೆಯ ವಿಷಯದಲ್ಲಿ ಜೋಳದ ನಾಡಿನವರಾದ ನಾವು ಮೊದಲು ತಿಳಿಯಬೇಕಾದುದು ಹಸಿಜೋಳದ ಅಪಾಯ. ಎಳೆಯ ಜೋಳದ ಬೆಳೆಯಲ್ಲಿ ಮೇಯುತ್ತಿದ್ದರೆ ಕುದುರೆಯ ಹಿಂಗಾಲುಗಳು ತಡವರಿಸತೊಡಗುತ್ತವೆ, ಮೂತ್ರಕೋಶ ಕೆಡುತ್ತದೆ. ಗರ್ಭಿಣಿಯಾದರೆ ಗರ್ಭಪಾತವಾಗಬಹುದು, ಇಲ್ಲವೇ ಮರಿ ಕೀಲು ಸೆಟೆದು ಹುಟ್ಟಬಹುದು. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಈ ಭಯ ಕಡಿಮೆ. ಆದರೆ ಬೂಸು ಹಿಡಿದ ಕಣಿಕೆಯನ್ನು ಯಾವ ಕುದುರೆಗೂ ಹಾಕಬಾರದು. ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ತಿಂದದ್ದು ಹೊಟ್ಟೆಯಲ್ಲಿ ಕೆಟ್ಟರೆ ಹೊರಬರುವ ದಾರಿಯಿಲ್ಲದೆ ಶೂಲೆಯೆದ್ದು ಪ್ರಾಣಕ್ಕೇ ಬರುತ್ತದೆ. ಆದುದರಿಂದ ಮೇವನ್ನು ಒಮ್ಮೆಲೇ ಬದಲಿಸದೆ ಏಳೆಂಟು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು.

ಈಯುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ಧನುರ್ವಾಯುವಿನ ಲಸಿಕೆ ಹಾಕಿಸುವುದು ಅತ್ಯವಶ್ಯ. ಇದರ ಕಾರಣವನ್ನು ವಿವರಿಸಬೇಕು. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿಯೇ ಮಗುವಿಗೆ ಸೇರುತ್ತದೆ, ಕುದುರೆಯಲ್ಲಿ ಹಾಗಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಆ ಶಕ್ತಿಯೆಲ್ಲ ಗಿಣ್ಣುಹಾಲಿನಲ್ಲಿ ಕೂಡಿರುತ್ತದೆ. ಮರಿಯ ಕರುಳು ಅದನ್ನು ಹೀರಿಕೊಳ್ಳುವುದು ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿ ಮಾತ್ರ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಮಾಸು ಬೀಳುವ ತನಕ ಕರುವಿಗೆ ಗಿಣ್ಣು ಉಣಿಸಬಾರದೆಂಬ ರೂಢಿ ದನಕರುಗಳಲ್ಲಿ ಅನೇಕ ಕಡೆ ಇದೆ. ಅದು ಅಲ್ಲಿಯೂ ತಪ್ಪೇ. ಕುದುರೆಯ ಮರಿಗಂತೂ ಮರಣಶಾಸನ. ಹಿರಿಯರ ಮಾತಿನಲ್ಲಿ ಗೌರವವಿರಲಿ, ಆದರೆ ಈ ಒಂದು ಮಾತನ್ನು ಬಿಡಲೇಬೇಕು.

ಈದ ರಾತ್ರಿಯ ಲೆಕ್ಕ ಬಹು ಸುಲಭ. (ಕುದುರೆ ಬಹುಮಟ್ಟಿಗೆ ರಾತ್ರಿಯೇ ಈಯುತ್ತದೆ, ಮೊಲೆಯ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದರೆ ಒಂದೆರಡು ದಿನಗಳಲ್ಲಿ ಈದೀತೆಂದು ಎಚ್ಚರವಿರಬೇಕು.) ಒಂದು ತಾಸಿನೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ತಾಸಿನೊಳಗೆ ಮೊಲೆಯುಣ್ಣಬೇಕು, ಮೂರು ತಾಸಿನೊಳಗೆ ಮಾಸು ಬೀಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕರೆಸಬೇಕು. ಮಾಸನ್ನು ಎಂದಿಗೂ ಕೈಹಾಕಿ ಎಳೆಯಬಾರದು. ಮರಿಯ ಹೊಕ್ಕಳನ್ನು ವೈದ್ಯರು ಹೇಳಿದ ಅಯೋಡಿನ್ ಮುಂತಾದ ಔಷಧದಲ್ಲಿ ಅದ್ದಬೇಕು. ಸಗಣಿ, ಬೂದಿ, ಮಣ್ಣು ಮೆತ್ತಬಾರದು. ಅಲ್ಲಿಂದಲೇ ನಂಜು ಒಳಸೇರಿ ಕೀಲುಗಳು ಬಾತು ಮರಿ ಕುಂಟುತ್ತದೆ, ಅಥವಾ ಧನುರ್ವಾಯು ಹತ್ತುತ್ತದೆ. ಕುದುರೆಯಷ್ಟು ಬೇಗ ಧನುರ್ವಾಯುವಿಗೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಮರಿ ಮೊದಲ ದಿನವೇ ಕಪ್ಪು ಮಲವನ್ನು ವಿಸರ್ಜಿಸಿತೇ ಎಂಬುದನ್ನೂ ಗಮನಿಸಬೇಕು. ಎರಡು ತಿಂಗಳಿಗೆ ಜಂತುಹುಳದ ಔಷಧ, ನಾಲ್ಕರಿಂದ ಆರು ತಿಂಗಳಿಗೆ ಅದರದೇ ಲಸಿಕೆಗಳು ಆರಂಭವಾಗಬೇಕು.

ದೊಡ್ಡ ಕುದುರೆಗಳಿಗೆ ಸಂಬಂಧಿಸಿ ಎರಡು ಮಾತು ಸಾಕು. ನಮ್ಮ ಎರೆಭೂಮಿಯ ಕೆಸರು ಮಳೆಗಾಲದಲ್ಲಿ ಗೊರಸಿಗೆ ಮೆತ್ತಿ ಅಡಿಭಾಗ ಕೊಳೆಯುತ್ತದೆ. ದಿನಕ್ಕೊಮ್ಮೆ ಕೆರೆದು ತೆಗೆದು, ಒಣನೆಲದಲ್ಲಿ ಕಟ್ಟಿ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಮಳೆಯ ನಂತರ ಹೊಳೆದಂಡೆಯಲ್ಲಿ ಕಚ್ಚುವ ದೊಡ್ಡ ನೊಣಗಳು ಸರ್ರಾ ರೋಗವನ್ನು ಹರಡುತ್ತವೆ. ಬಿಟ್ಟು ಬಿಟ್ಟು ಜ್ವರ ಬಂದು ಕುದುರೆ ಸೊರಗಿದರೆ ರಕ್ತಪರೀಕ್ಷೆಯಾಗಲಿ.

ಗ್ಲ್ಯಾಂಡರ್ಸ್ ರೋಗ ಮಾತ್ರ ಬೇರೆ ಬಗೆಯದು. ಅದಕ್ಕೆ ಲಸಿಕೆಯಿಲ್ಲ, ಮನುಷ್ಯರಿಗೂ ತಗಲುತ್ತದೆ. 1899ರಲ್ಲಿಯೇ ಅದರ ನಿಯಂತ್ರಣಕ್ಕೆ ಕಾಯಿದೆ ಬಂದಿತ್ತು, ಈಗ 2009ರ ಕಾಯಿದೆ ಜಾರಿಯಲ್ಲಿದೆ. ಮೂಗಿನಿಂದ ದಪ್ಪನೆಯ ಸಿಂಬಳ ಸೋರುವ, ಮೈಮೇಲೆ ಗಂಟೊಡೆದು ಹುಣ್ಣಾದ ಕುದುರೆಯನ್ನು ಸಂತೆಗೆ ಒಯ್ಯಬಾರದು. ಸಂತೆಯಿಂದ ಹೊಸದಾಗಿ ತಂದ ಕುದುರೆಯನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ನೀರಿನ ತೊಟ್ಟಿಯನ್ನೂ ಬೇರೆಯಾಗಿರಿಸಿ, ರಕ್ತಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದ ಮೇಲೆಯೇ ಮನೆಯ ಕುದುರೆಗಳೊಡನೆ ಬಿಡತಕ್ಕದ್ದು.