ಬೀದಿಯ ಹೆಸರು ಮತ್ತು ನಾಲಿಗೆಯ ಹೊಣೆ

ಮನುಷ್ಯನನ್ನು ಹೀನ ಹೆಸರಿನಿಂದ ಕರೆಯಬಾರದೆಂದು ನಾವೆಲ್ಲ ಬಲ್ಲೆವು. ಪವಿತ್ರ ಕುರ್‌ಆನ್‌ನ ಹುಜುರಾತ್ ಅಧ್ಯಾಯದ 11ನೇ ಸೂಕ್ತವು, ಒಂದು ಜನವಿಭಾಗ ಇನ್ನೊಂದನ್ನು ಅಪಹಾಸ್ಯ ಮಾಡುವುದನ್ನೂ ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನೂ ನಿಷೇಧಿಸಿದೆ. ಆದರೆ ಅವರು ವಾಸಿಸುವ ಬೀದಿಗೆ ಹೀನ ಹೆಸರಿಟ್ಟರೆ? ಅದು ಅವರನ್ನೇ ಕರೆದಂತೆ. ಶಾಲೆಯ ದಾಖಲೆಯಲ್ಲಿ, ಪಡಿತರ ಚೀಟಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಆ ಹೆಸರು ಅವರ ಬೆನ್ನು ಬಿಡುವುದಿಲ್ಲ.

ಪ್ರವಾದಿವರ್ಯರ(ಸ) ಮಾದರಿ

ಯಸ್‌ರಿಬ್ ಪಟ್ಟಣವನ್ನು ಪ್ರವಾದಿವರ್ಯರು(ಸ) ಮದೀನಾ ಎಂದೂ ತಾಬಾ ಎಂದೂ ಕರೆದರು. ಬಂಜರು ಎಂಬರ್ಥದ ಹೆಸರಿದ್ದ ನೆಲಕ್ಕೆ 'ಹಸಿರು' ಎಂಬರ್ಥದ ಹೆಸರಿಟ್ಟರು. 'ದಾರಿಗೇಡಿನ ಕಣಿವೆ' ಸನ್ಮಾರ್ಗದ ಕಣಿವೆಯಾಯಿತು. ಹುಟ್ಟನ್ನೇ ಹೀಗಳೆಯುವ ಹೆಸರು ಹೊತ್ತ ಒಂದು ಕುಲಕ್ಕೂ ಗೌರವದ ಹೆಸರು ದೊರೆಯಿತು. ಇವು ಅಬೂ ದಾವೂದ್‌ರ ಹದೀಸ್ ಸಂಗ್ರಹದಲ್ಲಿವೆ. ಆದರೆ ಮಕ್ಕಾ, ತಾಇಫ್, ಖೈಬರ್‌ಗಳ ಹೆಸರು ಹಾಗೆಯೇ ಉಳಿದವು. ಹೆಸರು ಹಳೆಯದೆಂಬುದು ಬದಲಾವಣೆಗೆ ಕಾರಣವಾಗಿರಲಿಲ್ಲ. ಅದರ ಕೆಟ್ಟ ಅರ್ಥವೇ ಕಾರಣ.

ಇನ್ನೊಂದು ಪಾಠವೂ ಇದೆ. ಹಝ್ನ್ (ಒರಟು ನೆಲ) ಎಂಬವರಿಗೆ ಪ್ರವಾದಿವರ್ಯರು(ಸ) ಸಹ್ಲ್ (ಸಮತಟ್ಟು) ಎಂಬ ಹೆಸರು ಸೂಚಿಸಿದರು. ತಂದೆಯಿಟ್ಟ ಹೆಸರನ್ನು ಬಿಡಲಾರೆನೆಂದು ಅವರೆಂದಾಗ ಬಲವಂತ ಮಾಡಲಿಲ್ಲ (ಬುಖಾರಿ).

ನಮ್ಮ ಸುತ್ತಮುತ್ತ

ಬೆಂಗಳೂರಿನ ದಂಡು ಪ್ರದೇಶದಲ್ಲಿ, 1898ರ ಪ್ಲೇಗಿನ ಬಳಿಕ ಬೆಳೆದ ಬಡಾವಣೆಯೊಂದಕ್ಕೆ ಬ್ರಿಟಿಷ್ ರೆಸಿಡೆಂಟ್ ಫ್ರೇಝರ್‌ರ ಹೆಸರಿಟ್ಟರು. ಈಗ ಅದು ಚಾಲುಕ್ಯ ದೊರೆಯ ಹೆಸರಿನ ಪುಲಿಕೇಶಿನಗರ. ಜನ ಎರಡನ್ನೂ ಬಳಸುತ್ತಾರೆ. ಎರಡರಿಂದಲೂ ಯಾರ ಮಾನವೂ ಹೋಗದು. ಪಕ್ಕದ ಶಿವಾಜಿನಗರದ ಹಳೆಯ ಹೆಸರು ಬ್ಲ್ಯಾಕ್‌ಪಳ್ಳಿ. ಅದು 'ಬಿಳಿ ಅಕ್ಕಿ ಪಳ್ಳಿ'ಯ ಅಪಭ್ರಂಶವೆಂದು ಕೆಲವರು, ಕಪ್ಪು ಜನರ ಹಳ್ಳಿಯೆಂಬ ತಾತ್ಸಾರವೆಂದು ಇತರರು ಹೇಳುತ್ತಾರೆ. ಇಂತಹ ಕಡೆ ವಿಚಾರಿಸದೆ ತೀರ್ಪು ಕೊಡುವುದು ಸಲ್ಲದು.

ಆದರೆ ಕೆಲವು ಹೆಸರುಗಳಲ್ಲಿ ಸಂಶಯಕ್ಕೆ ಎಡೆಯಿಲ್ಲ. ಇದೇ ನಗರದ ಗೋರಿಪಾಳ್ಯವನ್ನು ಹೈಕೋರ್ಟಿನ ಪೀಠದಿಂದಲೇ 'ಪಾಕಿಸ್ತಾನ' ಎಂದಾಗ ಮುಸ್ಲಿಮರಿಗೆ ನೋವಾಯಿತು. 2024ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್, ಭಾರತದ ಯಾವ ಭಾಗವನ್ನೂ ಹಾಗೆ ಕರೆಯುವಂತಿಲ್ಲವೆಂದು ಸ್ಪಷ್ಟಪಡಿಸಿ, ನ್ಯಾಯಾಧೀಶರ ವಿಷಾದವನ್ನು ಗಮನಿಸಿ ಪ್ರಕರಣವನ್ನು ಮುಗಿಸಿತು.

ನಮ್ಮ ನೋವು ನ್ಯಾಯವಾದದ್ದೇ. ಆದರೆ ದಲಿತ ಸಹೋದರರು ವಾಸಿಸುವ ಓಣಿಯನ್ನು ನಮ್ಮ ಮನೆಗಳಲ್ಲಿ ಏನೆಂದು ಕರೆಯುತ್ತೇವೆ? ಕನ್ನಡದಲ್ಲಿ 'ಕೇರಿ' ಎಂದರೆ ಬೀದಿ, ಅಷ್ಟೇ. ಅದಕ್ಕೆ ಜಾತಿ ಅಂಟಿಸಿ ಬೈಗುಳ ಮಾಡಿದವರು ಮನುಷ್ಯರು. ತಾಯಿಯ ಬಣ್ಣ ಹಿಡಿದು ಒಬ್ಬರನ್ನು ಹೀಯಾಳಿಸಿದ ಅಬೂದರ್ರ್‌(ರ)ರಂತಹ ಶ್ರೇಷ್ಠರಿಗೇ, ನಿಮ್ಮಲ್ಲಿನ್ನೂ ಅಜ್ಞಾನಕಾಲದ ಅಂಶವಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಹಾಗಿರುವಾಗ ನಾವೆಷ್ಟರವರು?

ಮಾಡಬೇಕಾದುದೇನು?

1. ನಿವಾಸಿಗಳು ತಮ್ಮ ಬೀದಿಯನ್ನು ಏನೆಂದು ಕರೆಯುತ್ತಾರೋ ಹಾಗೆಯೇ ಕರೆಯೋಣ.

2. ಹೆಸರು ಬದಲಿಸುವುದಾದರೆ ಅವರನ್ನೇ ಮೊದಲು ಕೇಳಬೇಕು. 2024ರ ಜೂನ್‌ನಲ್ಲಿ ಕೇರಳ ಸರಕಾರವು ಪರಿಶಿಷ್ಟ ಜನರ ವಸತಿಗಳಿಗೆ 'ಕಾಲೊನಿ' ಎಂಬ ಪದ ಬೇಡವೆಂದು ಆದೇಶಿಸಿದಾಗ, ಹೊಸ ಹೆಸರಿಗೆ ನಿವಾಸಿಗಳ ಇಷ್ಟವನ್ನೂ ಪರಿಗಣಿಸಲು ಅವಕಾಶವಿತ್ತಿತು.

3. ಒಬ್ಬರ ಗುರುತನ್ನು ಅಳಿಸಲೆಂದೇ ಮಾಡುವ ಬದಲಾವಣೆ ಸುಧಾರಣೆಯಲ್ಲ. ಅದು ಯಾರಿಂದಾದರೂ ಅನ್ಯಾಯವೇ.

4. ಫಲಕ ಬದಲಾದರೆ ಸಾಲದು. ಚರಂಡಿ, ನೀರು, ದೀಪಗಳೂ ಆ ಬೀದಿಗೆ ಬರಬೇಕು.

ನೆರೆಯವರ ಮಾನವನ್ನು ತಮ್ಮ ಮಾನದಂತೆ ಕಾಯುವ ನಾಲಿಗೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.