ಆ ನಾಲ್ಕು ಕಟ್ಟಡಗಳೊಳಗೆ ಯಾರಿದ್ದರು?

ತಮ್ಮಾ, ಫ್ಯಾಂಟಸಿ ಸರಣಿಗಳಲ್ಲಿ ಕತೆಯ ತೂತು ಹುಡುಕುವ ನಿಮ್ಮ ಗೆಳೆಯರ ಚಾಳಿಗೆ ನನ್ನ ತಕರಾರಿಲ್ಲ. ನಮ್ಮ ದೊಡ್ಡಾಟದ ಸಾರಥಿಯೂ ಅದನ್ನೇ ಮಾಡುತ್ತಾನೆ. ಎಂಥ ಗತ್ತಿನ ರಾಜ ಕುಣಿಯುತ್ತ ಬಂದರೂ ತಡೆದು ನೀವು ಯಾರು, ಬಂದ ಕಾರಣವೇನು ಎಂದು ಕೇಳದೆ ಬಿಡುವುದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ನ ಏಳನೆಯ ಸೀಸನ್ನಿನಲ್ಲಿ ಸುದ್ದಿ ಹೊತ್ತ ಕಾಗೆ ಅಷ್ಟು ದೂರ ಹಾರಿಹೋಗಿ, ಅಲ್ಲಿಂದ ರಾಣಿ ಡ್ರ್ಯಾಗನ್ ಏರಿ ಬರುವತನಕ ಹೆಪ್ಪುಗಟ್ಟಿದ ಕೆರೆಯ ನಡುವೆ ಸಿಕ್ಕಿಬಿದ್ದವರು ಬದುಕಿಯೇ ಇದ್ದರಲ್ಲ, ಅದಕ್ಕೆ ನಗಲೇಬೇಕು. ಆದರೆ ತೂತು ಕಂಡ ಕೂಡಲೇ ಕತೆಯನ್ನೇ ತಿಪ್ಪೆಗೆ ಎಸೆಯಬೇಡ. ಆ ಲೆಕ್ಕದಲ್ಲಿ ಮೊದಲು ಎಸೆಯಬೇಕಾದದ್ದು ಪಂಪನನ್ನು.

ನಮ್ಮ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಅಲ್ಲಿಯ ಕನ್ನಡದಲ್ಲಿ ಬರೆದೆನೆಂದು ಹೆಮ್ಮೆಯಿಂದ ಹೇಳಿಕೊಂಡ ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ರಚಿಸಿದ. ಆಶ್ರಯ ಕೊಟ್ಟ ಅರಸ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಿತ್ತು. ಅದಕ್ಕೆ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಹಾಗಿದ್ದರೆ ಅವಳ ಮುಡಿಗೆ ದುಶ್ಶಾಸನ ಕೈ ಹಾಕಿದ್ದಕ್ಕೆ ಗಂಡನಿರುವಾಗ ಭಾವ ಭೀಮನೇಕೆ ಪ್ರತಿಜ್ಞೆ ಮಾಡಬೇಕು? ಕೊನೆಗೆ ಅರ್ಜುನನಿಗೆ ಪಟ್ಟ ಕಟ್ಟುವಾಗ ಪಕ್ಕದಲ್ಲಿ ಕೂತವಳು ಸುಭದ್ರೆ. ಇಷ್ಟೆಲ್ಲ ಅನುಭವಿಸಿದ ದ್ರೌಪದಿ ಎಲ್ಲಿ ಹೋದಳು? ವಿಮರ್ಶಕರು ಕೇಳುತ್ತಲೇ ಬಂದಿದ್ದಾರೆ, ಪಂಪನನ್ನು ಓದುವುದನ್ನು ಮಾತ್ರ ಬಿಟ್ಟಿಲ್ಲ. ದುಡ್ಡು ಹಾಕಿದವನ ಮರ್ಜಿ ಕತೆಗೆ ತೂತು ಕೊರೆಯುವುದು ಓಟಿಟಿ ಬಂದ ಮೇಲೆ ಶುರುವಾದದ್ದಲ್ಲ.

ಪುಸ್ತಕ ಮುಗಿಸದೆ ಸರಣಿ ಹಾಳುಮಾಡಿದನೆಂದು ‘ಗೇಮ್ ಆಫ್ ಥ್ರೋನ್ಸ್’ನ ಮೂಲ ಲೇಖಕ ಮಾರ್ಟಿನ್‌ನನ್ನು ಬೈಯುತ್ತೀರಿ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಕುಮಾರವ್ಯಾಸನೂ ಮಹಾಭಾರತದ ಹತ್ತು ಪರ್ವ ಹೇಳಿ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಪೂರೈಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಜನ ಇವತ್ತಿಗೂ ಕೂತು ಓದಿಸಿ ಕೇಳುವುದು ಯಾರದ್ದು, ನೀನೇ ಹೇಳು.

ನಾನು ಮಾಫಿ ಕೊಡದ ತೂತು ಬೇರೆ. ಸೂಪರ್‌ಹೀರೊ ಒದ್ದರೆ ಖಳ ನಾಲ್ಕು ಕಟ್ಟಡ ತೂರಿಕೊಂಡು ಹೋಗಿ ಬೀಳುತ್ತಾನೆ. ಆ ನಾಲ್ಕು ಕಟ್ಟಡಗಳೊಳಗೆ ಯಾರಿದ್ದರು? ಮುಂದಿನ ದೃಶ್ಯದಲ್ಲಿ ಹೀರೊ ಜೋಕು ಹೊಡೆಯುತ್ತಾನೆ. ರಕ್ತ ಹೆಚ್ಚಾಯಿತೆಂದು ನಾನು ದೂರುತ್ತಿಲ್ಲ, ಕುಮಾರವ್ಯಾಸನ ಯುದ್ಧಪರ್ವಗಳಲ್ಲಿ ಅದೇನು ಕಡಿಮೆಯೇ? ಇಷ್ಟು ಪೆಟ್ಟು ಬಿದ್ದರೂ ಯಾರಿಗೂ ನೋಯುವುದಿಲ್ಲವಲ್ಲ, ಅದು ನನ್ನ ದೂರು.

ನೋವನ್ನು ಹೇಗೆ ಕಾಣಿಸಬೇಕೆಂದು ತಿಳಿಯಲು ರನ್ನನನ್ನು ಓದು. ಲಕ್ಕುಂಡಿಯ ಅತ್ತಿಮಬ್ಬೆ ಆಶ್ರಯ ಕೊಟ್ಟ ಕವಿ. ಅವನ ‘ಗದಾಯುದ್ಧ’ದ ನಾಯಕ ಭೀಮ, ಅಲ್ಲಿಯೂ ಸತ್ಯಾಶ್ರಯನೆಂಬ ಅರಸನನ್ನು ಮೆಚ್ಚಿಸುವುದಿತ್ತು. ಮನಸ್ಸಿನಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಎಲ್ಲ ಸೋತ ಮೇಲೆ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ಹೋಗುತ್ತಾನೆ. ಹೊಡೆದಾಟವಿಲ್ಲ, ಬರೀ ನಡಿಗೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರನ್ನೂ ದಾಟಬೇಕು. ಅಭಿಮನ್ಯುವಿನ ಹೆಣ ಕಂಡಾಗ ವೈರಿಯ ಮಗನೆಂದು ಮುಖ ತಿರುಗಿಸುವುದಿಲ್ಲ. ಆ ಹುಡುಗನ ಸಾಹಸದಲ್ಲಿ ಒಂದು ಪಾಲಾದರೂ ತನ್ನ ಸಾವಿಗೆ ದಕ್ಕಲಿ ಎಂದು ಬೇಡಿಕೊಳ್ಳುತ್ತಾನೆ. ಇಂಥ ದುಷ್ಟನಿಗೆ ಇಂಥ ಮನಸ್ಸು ಹೇಗೆ ಬಂತೆಂದು ನಿನ್ನ ಗೆಳೆಯರು ಇದನ್ನೂ ತೂತಿನ ಪಟ್ಟಿಗೆ ಸೇರಿಸಿಯಾರು!

ನೋವು ಕಾಣಿಸುವ ಈ ವಿದ್ಯೆ ಹೊರಗಿನವರಿಗೂ ಗೊತ್ತು. 2015ರ ‘ಡೇರ್‌ಡೆವಿಲ್’ ಸರಣಿಯ ಎರಡನೆಯ ಕಂತಿನಲ್ಲಿ ಹುಡುಗನೊಬ್ಬನನ್ನು ಬಿಡಿಸಿಕೊಳ್ಳಲು ಹೀರೊ ಕಿರಿದಾದ ಓಣಿಯಂಥ ಪಡಸಾಲೆಯಲ್ಲಿ ಬಡಿದಾಡುತ್ತಾನೆ. ಏದುಸಿರು ಬಿಡುತ್ತಾನೆ, ಗೋಡೆಗೆ ಆನಿಕೊಳ್ಳುತ್ತಾನೆ. ಬಿದ್ದವರು ಮತ್ತೆ ಎದ್ದು ಬರುತ್ತಾರೆ. ನೋಡುವ ನಮಗೇ ಸುಸ್ತು.

1997ರಲ್ಲಿ ದೂರದರ್ಶನದಲ್ಲಿ ಶುರುವಾದ ಸೂಪರ್‌ಹೀರೊ ಸರಣಿ ‘ಶಕ್ತಿಮಾನ್’ ನಿನಗಿಂತ ಹಿರಿಯರ ಕಾಲದ್ದು. ಅವನು ಬಂದು ಉಳಿಸುತ್ತಾನೆಂದು ನಂಬಿ ಮಕ್ಕಳು ಜೀವಕ್ಕೆ ಅಪಾಯ ತಂದುಕೊಂಡರೆಂಬ ಸುದ್ದಿ ಹಬ್ಬಿತು. ಎಷ್ಟು ನಿಜ, ಎಷ್ಟು ವದಂತಿ ಎಂಬ ಜಗಳವೂ ಆಯಿತು. ಮಕ್ಕಳು ಕಂಡದ್ದನ್ನು ನಂಬಿಬಿಡಬಹುದು, ಅದಕ್ಕೇ ಹೇಳುತ್ತೇನೆ, ಚಿಕ್ಕ ತಂಗಿ ಪಕ್ಕದಲ್ಲಿ ಕೂತಾಗ ದೊಡ್ಡವರಿಗೆಂದೇ ಮಾಡಿದ ‘ದಿ ಬಾಯ್ಸ್’ ಸರಣಿ ಹಚ್ಚಬೇಡ. ವಯಸ್ಸಿನ ಗುರುತು ಹಾಕಿರುತ್ತಾರೆ, ಅದನ್ನು ನೋಡು.

ಇನ್ನು ನೀನು ಬರೆಯುತ್ತಿರುವ ಕತೆ. ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ಶಕ್ತಿ ಪಡೆಯುವ ಹೀರೊ, ಚಲೋ ಅದ. ಗಾಳಿ ನಿಂತ ದಿನ ಅವನ ಗತಿಯೇನೆಂದು ನೀನು ಹೇಳಿಲ್ಲ. ಇರಲಿ, ಹೇಳದಿದ್ದರೂ ನಾನು ಮುಂದೆ ಓದುತ್ತೇನೆ. ಆದರೆ ಮೂರನೆಯ ಕಂತಿನಲ್ಲಿ ಖಳನನ್ನು ಎತ್ತಿ ಬೆಟಗೇರಿಯ ನೇಕಾರರ ಓಣಿಗೆ ಎಸೆದಿದ್ದೀಯಲ್ಲ, ಮಾಳಿಗೆ ಕುಸಿದು ಮಗ್ಗ ಮುರಿಯುತ್ತದೆ. ಮಗ್ಗದಲ್ಲಿ ಕೂತಿದ್ದವನು ಯಾರು? ಅವನ ಕೈ ಏನಾಯಿತು? ನಾಲ್ಕನೆಯ ಕಂತನ್ನು ಅಲ್ಲಿಂದ ಹಿಡಿ. ಹೀರೊ ಆಸ್ಪತ್ರೆಗೆ ಹೋಗಿ ನೇಕಾರನ ಹೆಂಡತಿಯ ಮುಂದೆ ನಿಲ್ಲಲಿ. ಆಕೆ ಏನು ಕೇಳುತ್ತಾಳೋ ನೀನೇ ಬರಿ. ಆ ದೃಶ್ಯದಲ್ಲಿ ಅವನಿಗೆ ಮಾತ್ರ ಒಂದು ಜೋಕನ್ನೂ ಕೊಡಬೇಡ.