ಬೆವರಿನ ಲೆಕ್ಕ

ಕಳೆದ ವರ್ಷ ಜುಲೈವರೆಗೂ ಮೈಸೂರಿನ ನಮ್ಮ ಮನೆಗೆ ಬರುತ್ತಿದ್ದದ್ದು ಕರೆಂಟಿನ ಶೂನ್ಯ ಬಿಲ್ಲು. ಆಗಸ್ಟಿನಲ್ಲಿ ಮೀಟರ್ ಓದಲು ಬಂದವರು ಕೈಗಿತ್ತ ಚೀಟಿಯಲ್ಲಿ ಎರಡು ಸಾವಿರ ಚಿಲ್ಲರೆ ಇತ್ತು. ಅದರ ಹಿಂದೆ ಎರಡು ಲಕ್ಷದ ಕತೆಯೊಂದಿದೆ. ಬಿಪಿ ಇರುವವರೂ, ಬಿಪಿ ಇರುವ ಅಪ್ಪ ಅಮ್ಮನಿಗೆ ಏನಾದರೂ ಒಳ್ಳೆಯದು ಕೊಡಿಸಬೇಕು ಅಂದುಕೊಂಡಿರುವ ಮಕ್ಕಳೂ ಓದಲಿ ಎಂದು ಬರೆಯುತ್ತಿದ್ದೇನೆ.

ನನಗೆ ಬಿಪಿ ಬಂದು ಆರು ವರ್ಷ. ದಿನಕ್ಕೆ ಎರಡು ಮಾತ್ರೆ. ಆ ಬಿಲ್ಲಿನ ಹಿಂದಿನ ಚಳಿಗಾಲದಲ್ಲಿ ಫಿನ್ಲೆಂಡಿನ ಎಸ್ಪೊದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅವಳ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಸೌನಾ, ಅಂದರೆ ಕಾವಿನಲ್ಲಿ ಕೂತು ಬೆವರುವ ಕೋಣೆ. ವಾರಕ್ಕೊಂದು ಸರದಿ, ತಿಂಗಳಿಗಿಷ್ಟು ಎಂದು ಸಣ್ಣ ಶುಲ್ಕ. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದರೆ ಏಳುವ ಹಬೆಗೆ ಅವರ ಭಾಷೆಯಲ್ಲಿ ಪ್ರತ್ಯೇಕ ಹೆಸರೇ ಇದೆ, ಲೊಯ್ಲು ಎಂದು. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆಯಂತೆ. 2020ರಲ್ಲಿ ಯುನೆಸ್ಕೊ ಅವರ ಸೌನಾ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು. ಹೊರಗೆ ಹಿಮ, ಒಳಗೆ 80 ಡಿಗ್ರಿ. ಮೊದಲ ದಿನ ಐದು ನಿಮಿಷಕ್ಕೇ ಎದ್ದು ಬಂದೆ. ಮೂರನೇ ವಾರಕ್ಕೆ ಹದಿನೈದು ನಿಮಿಷ ಕೂತೆ. ಆ ರಾತ್ರಿಯಂಥ ನಿದ್ದೆ ವರ್ಷಗಳಿಂದ ಬಂದಿರಲಿಲ್ಲ. ಮರುದಿನ ಬಿಪಿಯೂ ಇಳಿದಿತ್ತು.

"ಇದು ಮೈಸೂರಲ್ಲಿದ್ದಿದ್ರೆ ಮಾತ್ರೆನೇ ಬೇಡವಾಗಿತ್ತು ಕಣೇ" ಅಂದೆ. ಮಗಳು ಅಂದಳು, "ಇಲ್ಲಿ ಯಾರೂ ಬಿಪಿಗೆ ಅಂತ ಕೂರಲ್ಲಮ್ಮ, ಶನಿವಾರ ಅಂತ ಕೂರ್ತಾರೆ." ಆ ಮಾತನ್ನು ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಮನೆಯಲ್ಲೇ ಇಡುವ ಸೌನಾ ಹುಡುಕಿದೆ. ಕಲ್ಲು ಕಾಯಿಸುವ ನಿಜವಾದ ಹೀಟರಿಗೆ 6 ಕಿಲೋವ್ಯಾಟ್ ಬೇಕು, ನಮ್ಮ ಮನೆಗಿದ್ದ ಲೋಡು 3. ಮಾರಾಟಗಾರರು ಇನ್‌ಫ್ರಾರೆಡ್ ಕೇಬಿನ್ ತೋರಿಸಿದರು. ಇಬ್ಬರು ಕೂರುವ ಮರದ ಪೆಟ್ಟಿಗೆ, 2 ಕಿಲೋವ್ಯಾಟ್, ಒಳಗೆ 55 ಡಿಗ್ರಿ. ನಗದು ಕೊಟ್ಟರೆ 1,73,000, ಬಡ್ಡಿಯಿಲ್ಲದ ಹನ್ನೆರಡು ಕಂತಿಗಾದರೆ 1,85,000. ಆ 12,000 ರೂಪಾಯಿಯಂಥ ವ್ಯತ್ಯಾಸವೇ ಬಡ್ಡಿ ಎಂದು ಇತರರಿಗೆ ಈ ಅಂಕಣದಲ್ಲೇ ಎಷ್ಟೋ ಸಲ ಹೇಳಿದ್ದೇನೆ. ಆರೋಗ್ಯದ ಹೆಸರು ಬಂದಾಗ ನಾನೂ ಕಂತಿಗೇ ಸಹಿ ಹಾಕಿದೆ. ಬೇರೆ ವೈರಿಂಗ್, ಎಂಸಿಬಿ, ಲೋಡು ಹೆಚ್ಚಿಸಲು ಕಟ್ಟಿದ್ದು ಸೇರಿ ಇನ್ನೂ 16,000. "ಎರಡು ತಿಂಗಳು ಕೂತರೆ ಮಾತ್ರೆ ಬಿಡಬಹುದು, ಫಿನ್ಲೆಂಡಿನಲ್ಲಿ ಸಂಶೋಧನೆಯೇ ಆಗಿದೆ" ಎಂದರು ಮಾರಾಟಗಾರರು.

ಸಂಶೋಧನೆ ಆಗಿರುವುದು ಸುಳ್ಳಲ್ಲ. ನಾನು ಅದನ್ನು ಓದಿದ್ದು ಮಾತ್ರ ದುಡ್ಡು ಕೊಟ್ಟ ಮೇಲೆ, ಓದಬೇಕಾದದ್ದು ಮೊದಲು. ಪೂರ್ವ ಫಿನ್ಲೆಂಡಿನ 1,621 ಗಂಡಸರನ್ನು 20 ವರ್ಷಕ್ಕೂ ಮೀರಿ ಗಮನಿಸಿ ಯಾರಿ ಲೌಕ್ಕನೆನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವರದಿ ಅದು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾದಲ್ಲಿ ಕೂತವರಿಗೆ, ಒಂದೇ ಸಲ ಕೂತವರಿಗಿಂತ, ಬಿಪಿ ಬರುವ ಸಂಭವ ಅರ್ಧದ ಹತ್ತಿರ ಕಡಿಮೆ ಇತ್ತು. ಬಿಪಿ 'ಬರುವ' ಸಂಭವ. ಲೆಕ್ಕ ಶುರುವಾದಾಗ ಅವರಲ್ಲಿ ಯಾರಿಗೂ ಬಿಪಿ ಇರಲಿಲ್ಲ. ಆರು ವರ್ಷದಿಂದ ಮಾತ್ರೆ ನುಂಗುತ್ತಿರುವ ಮೈಸೂರಿನ ಹೆಂಗಸಿನ ಬಗ್ಗೆ ಆ ವರದಿಯಲ್ಲಿ ಒಂದು ಸಾಲೂ ಇಲ್ಲ. ಅವರು ಕೂತದ್ದು ಕಾದ ಕಲ್ಲಿನ ಸೌನಾದಲ್ಲಿ, ನನ್ನ 55 ಡಿಗ್ರಿಯ ಪೆಟ್ಟಿಗೆಯಲ್ಲಲ್ಲ. ವಾರಕ್ಕೆ ಐದು ದಿನ ಸೌನಾಕ್ಕೆ ಬಿಡುವು ಮಾಡಿಕೊಳ್ಳಬಲ್ಲವರ ಬದುಕೇ ನೆಮ್ಮದಿಯದ್ದಾಗಿರಬಹುದು. ಅದನ್ನು ಸೌನಾದ ಗುಣದಿಂದ ಪೂರ್ತಿ ಬೇರ್ಪಡಿಸುವುದು ಇಂಥ ಅಧ್ಯಯನದಿಂದ ಆಗದ ಕೆಲಸ. ಅದೇ ತಂಡ 2018ರಲ್ಲಿ ನೂರರಷ್ಟು ಜನರನ್ನು ಅರ್ಧ ಗಂಟೆ ಸೌನಾದಲ್ಲಿ ಕೂರಿಸಿ ಅಳೆದಾಗ ಮೇಲಿನ ಬಿಪಿ ಸರಾಸರಿ 137ರಿಂದ 130ಕ್ಕೆ ಇಳಿದಿತ್ತು. ಕಾವಿಗೆ ರಕ್ತನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಅದು ಆ ಹೊತ್ತಿನ ಅಳತೆ. ಎಸ್ಪೊದಲ್ಲಿ ನಾನು ಕಂಡದ್ದೂ ಇದೇ ಇರಬೇಕು, ಜೊತೆಗೆ ಮಗಳ ಮನೆಯ ನೆಮ್ಮದಿ.

ಇನ್ನು ಕರೆಂಟು. ಒಂದು ಸಲ ಕೂರಲು, ಕಾಯುವ ಹೊತ್ತೂ ಸೇರಿ, ಮುಕ್ಕಾಲು ಗಂಟೆ ಮೀರುತ್ತಿತ್ತು. ಸುಮಾರು 1.7 ಯೂನಿಟ್. ಜುಲೈನಲ್ಲಿ 22 ದಿನ ಕೂತೆ, 37 ಯೂನಿಟ್ ಆಯಿತು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಇನ್ನೂರಿಪ್ಪತ್ತು, ಅದೇನು ಮಹಾ ಅಂದುಕೊಂಡಿದ್ದೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿ 172 ಯೂನಿಟ್, ಮೇಲೆ ಶೇಕಡ 10 ಸೇರಿ 189ರವರೆಗೆ ಉಚಿತ. 189 ದಾಟಿ 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ನಮ್ಮದು 209ಕ್ಕೆ ನಿಂತಿತ್ತು. ಲೋಡು 5 ಕಿಲೋವ್ಯಾಟ್ ಮಾಡಿಸಿದ್ದರಿಂದ ನಿಗದಿತ ಶುಲ್ಕವೂ ಬೆಳೆದಿತ್ತು. ಒಂಬತ್ತು ಯೂನಿಟ್ ಹೆಚ್ಚಿಗೆ ಎರಡು ಸಾವಿರ ಕಟ್ಟಿದೆವು.

ದುಡ್ಡು ಹೋದರೆ ಹೋಗಲಿ ಎನ್ನಬಹುದು. ಹಾಗೆನ್ನಲಾಗದ್ದು ಮುಂದೆ ಆಯಿತು. ಆಗಸ್ಟಿನ ಕೊನೆಗೆ, ಯಾರನ್ನೂ ಕೇಳದೆ, ಒಂದು ಮಾತ್ರೆ ನಿಲ್ಲಿಸಿದೆ. ಎರಡು ವಾರ ಕಳೆದು ಬೆಳಿಗ್ಗೆ ನೋಡಿದರೆ 164/98. ಹೆದರಿ ಮಾತ್ರೆ ನುಂಗಿದೆ, ಸಂಜೆ ನೀರನ್ನೂ ಸರಿಯಾಗಿ ಕುಡಿಯದೆ ಕೇಬಿನ್ನಿನಲ್ಲಿ ಅರ್ಧ ಗಂಟೆ ಕೂತೆ. ಎದ್ದಾಗ ಕಣ್ಣು ಕತ್ತಲೆ ಕಟ್ಟಿ ಗೋಡೆ ಹಿಡಿದು ಕುಸಿದೆ. ಯಜಮಾನರು ಅಳೆದರೆ 96/58. ಬಿಪಿ ಮಾತ್ರೆಯೂ ರಕ್ತನಾಳ ಸಡಿಲಿಸುತ್ತದೆ, ಕಾವೂ ಸಡಿಲಿಸುತ್ತದೆ, ಬೆವರು ಮೈಯ ನೀರು ಇಳಿಸುತ್ತದೆ. ಮೂರೂ ಸೇರಿದರೆ ಹೀಗಾಗುತ್ತದೆ ಎಂದು ಡಾಕ್ಟರು ವಿವರಿಸಿದರು. "ಸೌನಾ ಬೇಡ ಅನ್ನಲ್ಲ, ಮಾತ್ರೆ ಬಿಡಿ ಅಂತ ನಾನು ಹೇಳಿದ್ನಾ ಮೇಡಂ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಹತ್ತು ನಿಮಿಷ, ವಾರಕ್ಕೊಮ್ಮೆ, ಯಾರಾದರೂ ಮನೆಯಲ್ಲಿದ್ದಾಗ ಎಂದು ಹದಿನಾಲ್ಕು ಸಲ ಕೂತೆ. ಜನವರಿಯಲ್ಲಿ 70,000ಕ್ಕೆ ಮಾರಿದೆವು. ಪೆಟ್ಟಿಗೆ ಹೋದ ಮೇಲೂ ಐದು ಕಂತು ಕಟ್ಟಿದೆ. ಒಟ್ಟು ಕೂತದ್ದು 58 ಸಲ, ಕಳೆದದ್ದು 1,31,000. ಒಂದು ಸಲದ ಬೆವರಿಗೆ ಸುಮಾರು 2,260 ರೂಪಾಯಿ, ಕರೆಂಟು ಬಿಟ್ಟು.

ಜನೌಷಧಿ ಅಂಗಡಿಯಲ್ಲಿ ನನ್ನ ಮಾತ್ರೆಗಳು ಒಂದೊಂದೂ ಎರಡು ರೂಪಾಯಿಯೊಳಗೇ ಸಿಗುತ್ತವೆ. ಎರಡಕ್ಕೂ ವರ್ಷಕ್ಕೆ ಒಂದೂವರೆ ಸಾವಿರ ಹಿಡಿದರೂ, ನಾನು ಕಳೆದ ಹಣದಲ್ಲಿ 87 ವರ್ಷದ ಮಾತ್ರೆ ಬರುತ್ತಿತ್ತು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ವರ್ಷದ ಆರೋಗ್ಯ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ಸೌನಾ ಪೆಟ್ಟಿಗೆಗೆ ಇಲ್ಲ. ಕೈಯಲ್ಲಿ ಹಣವಿದ್ದರೆ ಮೊದಲು ತೋಳಿಗೆ ಕಟ್ಟುವ ಒಳ್ಳೆಯ ಬಿಪಿ ಯಂತ್ರ ತನ್ನಿ, ಎರಡು ವಾರ ಬೆಳಿಗ್ಗೆ ಸಂಜೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಸೇರಿ ದಿನಕ್ಕೆ ಉಪ್ಪು 5 ಗ್ರಾಮಿನೊಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಕಾಸೂ ಬೇಡ.

ಕಾವಿನಲ್ಲಿ ಕೂರುವ ಸುಖ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸುಖಕ್ಕೆಂದೇ ಕೊಳ್ಳುವುದಾದರೆ, ಹಣ ಇರುವವರು ಡಾಕ್ಟರನ್ನು ಕೇಳಿ ಕೊಳ್ಳಲಿ. ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಹತೋಟಿಗೆ ಬಾರದವರು ಆ ಯೋಚನೆಯನ್ನೇ ಬಿಡಬೇಕು. ಕೊಳ್ಳುವ ಮೊದಲು ಹತ್ತು ಸಲವಾದರೂ ಬೇರೆ ಕಡೆ ದುಡ್ಡು ಕೊಟ್ಟು ಕೂತು ನೋಡಿ. ಮಾತ್ರೆ ಬಿಡಬಹುದು ಎಂದು ಮಾರಾಟಗಾರರು ಹೇಳಿದರೆ, ಆ ಮಾತನ್ನೇ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಿ ಎಂದು ಕೇಳಿ. ಸಹಿ ಹಾಕದಿದ್ದರೆ ದುಡ್ಡು ಕೊಡಬೇಡಿ.